ಪಾರಿವಾಳಕ್ಕೆ ಮೊದಲ ಬಹುಮಾನ

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಪ್ರತಿ ಗಾಂಧಿ ಜಯಂತಿಗೆ ಹುಡುಗ ಹುಡುಗಿಯರಿಗೆ ಪ್ರಬಂಧ ಸ್ಪರ್ಧೆ ಇರುತ್ತೆ. ಬ್ಲಾಗ್ ಬರೀತಾನೆ ಅನ್ನೋ ಒಂದೇ ಅರ್ಹತೆ ನೋಡಿ 2016ರಲ್ಲಿ ನನ್ನನ್ನೂ ತೀರ್ಪುಗಾರರ ಕುರ್ಚಿಯಲ್ಲಿ ಕೂರಿಸಿದರು. ವಿಷಯ 'ನನ್ನ ಕನಸಿನ ಶಾಂತಿ'. ಬಂದದ್ದು ಇಪ್ಪತ್ತಮೂರು ಪ್ರಬಂಧ, ಹತ್ತೊಂಬತ್ತರಲ್ಲಿ ಪಾರಿವಾಳ. ಎಣಿಸಿಯೇ ಹೇಳ್ತಿದ್ದೀನಿ. ಬುದ್ಧ, ಗಾಂಧಿ, ಮಂಡೇಲಾ ಒಬ್ಬರ ಹಿಂದೊಬ್ಬರು ಬಂದು ಯುದ್ಧ ಕೆಟ್ಟದ್ದು, ಪ್ರೀತಿ ಒಳ್ಳೇದು ಅಂತ ಹೇಳಿ ಹೋಗಿದ್ದರು. ಸಿರಿಯಾ ಇತ್ತು, ಹಿರೋಶಿಮಾ ಇತ್ತು. ಬೆಂಗಳೂರು ಇರಲಿಲ್ಲ.

ತಾರೀಖು ನೆನಪು ಮಾಡಿಕೊಳ್ಳಿ. ಅದಕ್ಕೆ ಮೂರೇ ವಾರ ಹಿಂದೆ, ಸೆಪ್ಟೆಂಬರ್ 12ಕ್ಕೆ, ಇದೇ ಊರಲ್ಲಿ ತಮಿಳುನಾಡು ನಂಬರಿನ ಬಸ್ಸುಗಳನ್ನು ಸಾಲಾಗಿ ನಿಂತಲ್ಲೇ ಸುಟ್ಟಿದ್ದರು. 15,000 ಕ್ಯೂಸೆಕ್ ಕಾವೇರಿ ನೀರು ಬಿಡಿ ಅಂದಿದ್ದ ಸುಪ್ರೀಂ ಕೋರ್ಟ್ ಅವತ್ತು ಅದನ್ನು 12,000ಕ್ಕೆ ಇಳಿಸಿ, ಬಿಡಬೇಕಾದ ದಿನಗಳನ್ನು ಹೆಚ್ಚಿಸಿತ್ತು. ಆಫೀಸುಗಳು ಮಧ್ಯಾಹ್ನವೇ ಖಾಲಿಯಾದವು. ರಾತ್ರಿ ಹದಿನಾರು ಪೊಲೀಸ್ ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ. ಪೊಲೀಸರ ಗುಂಡಿಗೆ ಒಬ್ಬ ಸತ್ತ. ನಾವೆಲ್ಲ ಬಾಲ್ಕನಿಯಲ್ಲಿ ನಿಂತು ದೂರದ ಕಪ್ಪು ಹೊಗೆಯ ಫೋಟೋ ತೆಗೆದವರೇ.

ಇಷ್ಟಾದ ಮೇಲೂ ಮಕ್ಕಳು ಹಿರೋಶಿಮಾಕ್ಕೆ ಯಾಕೆ ಹೋದರು? ಅವರಿಗೆ ಬುದ್ಧಿ ಕಡಿಮೆ ಅಂತಲ್ಲ. ಶಾಂತಿ ಬಗ್ಗೆ ಬರೆಯುವಾಗ ಅದನ್ನು ಕೆಡಿಸಿದವರ ಹೆಸರು ಎತ್ತಬಾರದು ಅನ್ನೋದನ್ನ ಒಂದನೇ ಕ್ಲಾಸಿನಿಂದ ನಾವೇ ಕಲಿಸಿದ್ದೀವಿ.

ಒಬ್ಬಳು ಮಾತ್ರ ಕಲಿತಿರಲಿಲ್ಲ. ಸೆಕೆಂಡ್ ಪಿಯುಸಿ ಹುಡುಗಿ. ಅಪ್ಪ ಕೊಯಮತ್ತೂರಿನವರು, ಇವಳು ಹುಟ್ಟಿದ್ದು ಜಯನಗರದಲ್ಲಿ. ಕನ್ನಡದಲ್ಲಿ ಬರೆದವರೇ ಮೂರು ಜನ, ಅವರಲ್ಲಿ ಇವಳೊಬ್ಬಳು! ಒಂದೂವರೆ ಪುಟ. ಅವತ್ತು ಸಂಜೆ ಅಪ್ಪ ಬೇಸ್‌ಮೆಂಟಿಗೆ ಇಳಿದು ಕಾರಿನ ನಂಬರ್ ಪ್ಲೇಟಿಗೆ ನ್ಯೂಸ್ ಪೇಪರ್ ಅಂಟಿಸಿದ್ದು. ಲಿಫ್ಟಿನಲ್ಲಿ ಅಜ್ಜಿ ಬಾಯಿ ಬಿಡದ ಹಾಗೆ ಅಮ್ಮ ಅವರ ಕೈ ಅದುಮಿದ್ದು. ಚೆನ್ನೈಯಲ್ಲಿ ನಮ್ಮವರ ಹೋಟೆಲಿಗೆ ಕಲ್ಲು ಬಿತ್ತು ಅನ್ನೋ ವಿಡಿಯೋವನ್ನು ನಮ್ಮದೇ ಅಪಾರ್ಟ್‌ಮೆಂಟ್ ಗ್ರೂಪಿಗೆ ಹಾಕಿ, ಇದಕ್ಕೆ ಇಲ್ಲೂ ಉತ್ತರ ಸಿಗಬೇಕು ಅಂತ ಒಬ್ಬ ಅಂಕಲ್ ಬರೆದದ್ದು. ಕೊನೆಯಲ್ಲಿ ಒಂದು ಪ್ರಶ್ನೆ: ಉತ್ತರ ಅಂದರೆ ನಮ್ಮನೇನಾ ಅಂಕಲ್? ಪಾರಿವಾಳ ಇರಲಿಲ್ಲ.

ನಾವು ಮೂವರು ತೀರ್ಪುಗಾರರು. ಒಬ್ಬರು 'ಇದು ರಾಜಕೀಯ ಆಯ್ತು' ಅಂದರು. ಇನ್ನೊಬ್ಬರು, ಪಾಪ, ಒಳ್ಳೆಯವರೇ, 'ಓದಿದ್ರೆ ಗಲಾಟೆ ಆಗುತ್ತೆ ಸಾರ್, ಈಗ ತಾನೇ ಎಲ್ಲ ತಣ್ಣಗಾಗಿದೆ' ಅಂದರು. ಮೊದಲ ಬಹುಮಾನ ಪಾರಿವಾಳಕ್ಕೆ ಹೋಯ್ತು. ಆ ಹಾಳೆಯಲ್ಲಿ ನನ್ನ ಸಹಿಯೂ ಇದೆ.

ಗಲಾಟೆಯಾಗದ ಶಾಂತಿ ಸಾಹಿತ್ಯದಿಂದ ಯಾರಿಗೆ ಏನು ಉಪಯೋಗ? 1982ರಲ್ಲಿ ಅಮೆರಿಕದ ಮೇನ್ ರಾಜ್ಯದ ಹತ್ತು ವರ್ಷದ ಸಮಂತಾ ಸ್ಮಿತ್ ಪ್ರಬಂಧ ಬರೆಯಲಿಲ್ಲ, ಕಾಗದ ಬರೆದಳು. ಅದೂ ಸೋವಿಯತ್ ನಾಯಕ ಯೂರಿ ಆಂದ್ರೊಪೋವ್‌ಗೇ. ಹೊಸ ಕೆಲಸಕ್ಕೆ ಅಭಿನಂದನೆ ಹೇಳಿದ ಮೇಲೆ ನೇರ ವಿಷಯಕ್ಕೆ ಬಂದಳು: ನೀವು ಯುದ್ಧ ಮಾಡ್ತೀರಾ ಇಲ್ವಾ, ಜಗತ್ತನ್ನೇ ಗೆಲ್ಲಬೇಕು ಅಂತ ಯಾಕೆ ನಿಮಗೆ? ಉತ್ತರ ಬರಲಿಲ್ಲ ಅಂತ ರಾಯಭಾರಿಗೆ ಇನ್ನೊಂದು ಕಾಗದ ಹಾಕಿದಳು. (ನಾವು ಬಿಬಿಎಂಪಿಗೆ ದೂರು ಕೊಟ್ಟು ಒಂದೇ ಸಲಕ್ಕೆ ಸುಮ್ಮನಾಗ್ತಿದ್ವಲ್ಲ!) 1983ರ ಏಪ್ರಿಲ್‌ನಲ್ಲಿ ಆಂದ್ರೊಪೋವ್ ಉತ್ತರಿಸಿದರು, ಜುಲೈನಲ್ಲಿ ಅವಳು ಸೋವಿಯತ್ ನಾಡಿಗೆ ಹೋಗಿ ಬಂದಳು. ಪ್ರಚಾರಕ್ಕೆ ಬಳಸಿಕೊಂಡರು ಅಂತ ಆಗಲೂ ಅಂದರು, ಬಳಸಿಕೊಂಡಿರಲೂಬಹುದು. 1985ರಲ್ಲಿ, ಹದಿಮೂರನೇ ವಯಸ್ಸಿಗೆ, ವಿಮಾನ ಅಪಘಾತದಲ್ಲಿ ಹೋಗಿಬಿಟ್ಟಳು. ಶೀತಲ ಸಮರ ಅವಳ ಕಾಗದದಿಂದ ನಿಲ್ಲಲಿಲ್ಲ, ಒಪ್ತೀನಿ. ಆದರೆ ಬಾಂಬು ಯಾರ ಕೈಲಿದೆಯೋ ಅವರನ್ನೇ ಕೇಳಬೇಕು ಅಂತ ಆ ಮಗುವಿಗೆ ಗೊತ್ತಿತ್ತು. ಹದಿನೆಂಟರಿಂದ ಇಪ್ಪತ್ತೊಂಬತ್ತರವರೆಗಿನ ಯುವಜನರಿಗೆ ಶಾಂತಿಯ ನಿರ್ಧಾರಗಳಲ್ಲಿ ಜಾಗ ಕೊಡಿ ಅಂತ ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2015ರಲ್ಲೇ ನಿರ್ಣಯ ಮಾಡಿದೆ. ನಾವು ಕೊಟ್ಟ ಜಾಗ ಎರಡು ಎ4 ಹಾಳೆ, ಒಂದು ಸ್ಟೀಲ್ ಟ್ರೋಫಿ.

'ಹಾಗಾದ್ರೆ ನಮ್ಮ ರೈತರ ಪಾಡು? ನೀರು ಬೇಡ್ವಾ ನಮಗೆ?' ಅಂತ ಕೇಳ್ತೀರಿ, ಗೊತ್ತು. ನಾನು ಮಂಡ್ಯ ಜಿಲ್ಲೆಯವನು, ಒಣಗಿದ ನಾಲೆ ನೋಡಿಯೇ ಬೆಳೆದೋನು. ಆ ಸಿಟ್ಟು ಸುಳ್ಳಲ್ಲ. ಆದರೆ ಸುಟ್ಟ ಬಸ್ಸಿನಿಂದ ಕೆಆರ್‌ಎಸ್‌ಗೆ ಒಂದು ಚೊಂಬು ನೀರೂ ಬರಲಿಲ್ಲ. ಇದನ್ನು ಆ ಹುಡುಗಿಗೆ ವಿವರಿಸಬೇಕಾಗಿಲ್ಲ. ವಿವರಿಸಬೇಕಾದದ್ದು ಗ್ರೂಪಿನಲ್ಲಿದ್ದ ನಮಗೆ. ಅವತ್ತು ಆ ವಿಡಿಯೋದ ಕೆಳಗೆ ಹೆಬ್ಬೆರಳು ಒತ್ತಿದವರು ಹನ್ನೊಂದು ಜನ. ನಾನು ಒತ್ತಿರಲಿಲ್ಲ. ಏನೂ ಬರೆದೂ ಇರಲಿಲ್ಲ.

ಬಹುಮಾನ ವಿತರಣೆ ಮುಗಿದ ಮೇಲೆ ಲಿಫ್ಟಿನಲ್ಲಿ ಅವಳು ಸಿಕ್ಕಳು. 'ನನ್ನ ಕನ್ನಡದಲ್ಲಿ ತಪ್ಪಿತ್ತಾ ಅಂಕಲ್?' ಅಂತ ಕೇಳಿದಳು. ಇಲ್ಲಮ್ಮ ಅಂದೆ. ಮತ್ತೆ ಯಾಕೆ ಅಂತ ಅವಳು ಕೇಳಲಿಲ್ಲ, ನಾಲ್ಕನೇ ಮಹಡಿ ಬಂತು, ಇಳಿದು ಹೋದಳು.

ಈ ವರ್ಷ ಮತ್ತೆ ತೀರ್ಪಿಗೆ ಕರೆದಿದ್ದಾರೆ. ಬರ್ತೀನಿ, ಆದರೆ ವಿಷಯ ಬದಲಾಯಿಸಿ ಅಂದಿದ್ದೀನಿ: 'ನಮ್ಮ ಬಿಲ್ಡಿಂಗಿನ ಯಾರಿಗಾದರೂ ಒಂದು ಕಾಗದ'. ಎಲ್ಲ ಕಾಗದಗಳನ್ನೂ ಕ್ಲಬ್ ಹೌಸಿನಲ್ಲಿ ಗಟ್ಟಿಯಾಗಿ ಓದಬೇಕು, ನನಗೆ ಬರೆದದ್ದಿದ್ದರೆ ಮೊದಲು ಅದನ್ನೇ. ಸೆಕ್ರೆಟರಿ ಮೆಸೇಜ್ ನೋಡಿದ್ದಾರೆ, ನೀಲಿ ಟಿಕ್ ಬಂದು ಒಂಬತ್ತು ದಿನ ಆಯ್ತು.