ಹಿಂದಿನ ದೀಪಕ್ಕೆ ಎಲ್‌ಇಡಿ: ಮೊದಲು ತಂತಿ, ಆಮೇಲೆ ಬಲ್ಬು



ಕಬ್ಬು ಸಾಗಿಸುವ ಕಾಲದಲ್ಲಿ, ಮಂಡ್ಯದ ಕಡೆಯಾಗಲಿ, ಬೆಳಗಾವಿ-ಬಾಗಲಕೋಟೆಯ ಕಡೆಯಾಗಲಿ, ರಾತ್ರಿ ಹೊತ್ತು ಮೋಟಾರ್ ಸೈಕಲ್ಲಿನಲ್ಲಿ ಓಡಾಡಿದವರಿಗೆ ಈ ಅನುಭವ ಆಗಿಯೇ ಇರುತ್ತದೆ. ರಸ್ತೆ ಖಾಲಿ ಇದೆಯೆಂದು ಹೋಗುತ್ತಿರುವಾಗ ಥಟ್ಟನೆ ಕಣ್ಣೆದುರಿಗೆ ಕಬ್ಬಿನ ಗೋಡೆಯೊಂದು ಬಂದು ನಿಲ್ಲುತ್ತದೆ. ಅದು ಟ್ರೈಲರಿನ ಹಿಂಭಾಗ. ದೀಪವಿಲ್ಲ, ಕೆಂಪು ಗುರುತೂ ಇಲ್ಲ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ವಾಹನ ಒಂದು ಸೆಕೆಂಡಿಗೆ ಹೆಚ್ಚುಕಡಿಮೆ 17 ಮೀಟರ್ ಸಾಗುತ್ತದೆ. ಕಂಡು, ಬೆಚ್ಚಿ, ಬ್ರೇಕ್ ಅದುಮುವಷ್ಟರಲ್ಲಿ ಆಗಬಾರದ್ದು ಆಗಿಹೋಗಿರುತ್ತದೆ. ಹೀಗೆ ಗುದ್ದಿಕೊಳ್ಳುವವರು ಯಾರೋ ಪರಸ್ಥಳದವರೇ ಆಗಬೇಕೆಂದಿಲ್ಲ. ಪಕ್ಕದ ಹಳ್ಳಿಯಿಂದ ಊಟಕ್ಕೆ ಮನೆಗೆ ಮರಳುತ್ತಿರುವ ನಮ್ಮದೇ ಹುಡುಗರೂ ಆಗಬಹುದು.

ಈಗ ಬಿಡಿಭಾಗದ ಅಂಗಡಿಗಳಲ್ಲೆಲ್ಲ ಎಲ್‌ಇಡಿ ಬಲ್ಬುಗಳು ಧಾರಾಳವಾಗಿ ಸಿಗುತ್ತವೆ. "ಹಳೆಯದನ್ನು ತೆಗೆಯಿರಿ, ಇದನ್ನು ಒತ್ತಿ ತಿರುಗಿಸಿ, ಮುಗಿಯಿತು" ಎನ್ನುತ್ತಾರೆ ಅಂಗಡಿಯವರು. ಟ್ರಾಕ್ಟರಿಗೂ ಅದೇ, ಜೀಪಿಗೂ ಅದೇ, ಕಾರಿಗೂ ಅದೇ. ಎಲ್‌ಇಡಿ ಒಳ್ಳೆಯ ವಸ್ತು, ಅದರಲ್ಲಿ ಸಂಶಯವಿಲ್ಲ. ಆದರೆ ಬಲ್ಬು ಬದಲಿಸಿದ ಮಾತ್ರಕ್ಕೆ ಕೆಲಸ ಮುಗಿಯಿತೆಂಬುದನ್ನು ಮಾತ್ರ ನಾನು ಒಪ್ಪಲಾರೆ.

ಹಳೆಯ ಬ್ರೇಕ್ ಬಲ್ಬೊಂದನ್ನು ಕೈಯಲ್ಲಿ ಹಿಡಿದು ನೋಡಿ. ಗಾಜಿನೊಳಗೆ ಎರಡು ಎಳೆಗಳಿರುತ್ತವೆ. 5 ವ್ಯಾಟಿನ ಎಳೆ ರಾತ್ರಿಯೆಲ್ಲ ಉರಿಯುವ ಕೆಂಪು ದೀಪಕ್ಕೆ. 21 ವ್ಯಾಟಿನದು ಬ್ರೇಕ್ ಒತ್ತಿದಾಗ ಬೆಳಗುವುದಕ್ಕೆ. ಇಂಡಿಕೇಟರ್ ಬಲ್ಬಿನಲ್ಲಿ 21 ವ್ಯಾಟಿನ ಒಂದೇ ಎಳೆ. ಕಾದು ಬೆಳಗುವ ಈ ನವುರಾದ ಎಳೆ ಹೊಲದ ದಾರಿಯ ಕುಲುಕಾಟ ತಡೆಯದೆ ಕಡಿದು ಹೋಗುತ್ತದೆ. ಹಿಂದಿನ ದೀಪ ಆರಿದ್ದು ಮುಂದೆ ಕುಳಿತವನಿಗೆ ತಿಳಿಯುವುದಿಲ್ಲ. ಎಲ್‌ಇಡಿಯಲ್ಲಿ ಕಡಿಯುವ ಎಳೆಯೇ ಇಲ್ಲ. ಮೇಲಾಗಿ ಹಳೆಯ ಬಲ್ಬಿನ ಎಳೆ ಕಾದು ಪೂರ್ತಿ ಬೆಳಗಲು ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಹೊತ್ತು ಬೇಕು; ಎಲ್‌ಇಡಿ ಆ ಕ್ಷಣವೇ ಬೆಳಗುತ್ತದೆ. ಹಿಂದೆ 60ರ ವೇಗದಲ್ಲಿ ಬರುವವನಿಗೆ ಇದರಿಂದ ಮೂರು ಮೀಟರಿಗೂ ಹೆಚ್ಚು ಅಂತರ ಸಿಕ್ಕಂತಾಯಿತು.

ಬ್ಯಾಟರಿಯ ಲೆಕ್ಕವನ್ನೂ ನೋಡೋಣ. ಕಾರ್ಖಾನೆಯ ಹೊರಗೆ ರಾತ್ರಿಯಿಡೀ ಸಾಲಿನಲ್ಲಿ ನಿಲ್ಲುವುದು ಕಬ್ಬು ಬೆಳೆಗಾರರಿಗೆ ಹೊಸದಲ್ಲ. ಟ್ರಾಕ್ಟರಿನ ಹಿಂದೆ ಮುಂದೆ ನಾಲ್ಕು, ಟ್ರೈಲರಿಗೆ ಎರಡು, ಹೀಗೆ 5 ವ್ಯಾಟಿನ ಆರು ದೀಪ ಉರಿಸಿದರೆ 30 ವ್ಯಾಟ್, ಅಂದರೆ 12 ವೋಲ್ಟಿನ ಬ್ಯಾಟರಿಯಿಂದ ಎರಡೂವರೆ ಆಂಪಿಯರ್. ಹತ್ತು ಗಂಟೆಗೆ 25 ಆಂಪಿಯರ್-ಗಂಟೆ ಖರ್ಚು. ಹಳೆಯ ಬ್ಯಾಟರಿಯಾದರೆ ಬೆಳಿಗ್ಗೆ ನಾಲ್ಕು ಜನ ತಳ್ಳಬೇಕಾಗುತ್ತದೆ. ಈ ಭಯದಿಂದಲೇ ಎಷ್ಟೋ ಚಾಲಕರು ರಸ್ತೆಯಂಚಿನಲ್ಲಿ ದೀಪ ಆರಿಸಿ ಮಲಗುತ್ತಾರೆ. ಒಂದೊಂದು ವ್ಯಾಟಿನ ಎಲ್‌ಇಡಿ ದೀಪಗಳಾದರೆ ಇಡೀ ರಾತ್ರಿಗೆ ಐದು ಆಂಪಿಯರ್-ಗಂಟೆ ಸಾಕು. ದೀಪ ಆರಿಸಲು ನೆಪವೇ ಉಳಿಯುವುದಿಲ್ಲ.

ಇಷ್ಟು ಗುಣವಿದ್ದರೂ ನಾನು ತಡೆಯುತ್ತಿರುವುದೇಕೆ? ನಮ್ಮ ಟ್ರೈಲರುಗಳ ತಂತಿಯ ಸ್ಥಿತಿ ನೋಡಿ. ಬಹಳ ಕಡೆ ಅರ್ಥ್ ತಂತಿಯನ್ನೇ ಎಳೆದಿರುವುದಿಲ್ಲ. ಟ್ರೈಲರನ್ನು ಟ್ರಾಕ್ಟರಿಗೆ ಸಿಕ್ಕಿಸುವ ಪಿನ್ನಿನ ಮೂಲಕವೇ ಕರೆಂಟು ಹಿಂದಿರುಗಬೇಕು. ಆ ಪಿನ್ನಿಗೆ ಗ್ರೀಸು, ತುಕ್ಕು, ಮಣ್ಣು. ದಾರಿಯಲ್ಲಿ ಕುಲುಕಿದಾಗಲೆಲ್ಲ ಸಂಪರ್ಕ ತಪ್ಪುತ್ತದೆ. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಂಕಾಗಿ ಉರಿಯುವುದು, ಎಡಗಡೆಯ ಸಿಗ್ನಲ್ ಹಾಕಿದರೆ ಕೆಂಪು ದೀಪವೂ ಮಿನುಗುವುದು, ಇವೆಲ್ಲ ಕೆಟ್ಟ ಅರ್ಥಿನ ಲಕ್ಷಣಗಳು. ಹಿಂದಿರುಗಲು ದಾರಿ ಕಾಣದ ಕರೆಂಟು ಪಕ್ಕದ ಬಲ್ಬಿನ ಮೂಲಕ ನುಸುಳುತ್ತದೆ. ಬಲ್ಬು ಹಳೆಯದಾಗಲಿ ಹೊಸದಾಗಲಿ, ಈ ರೋಗಕ್ಕೆ ಮದ್ದು ಅದಲ್ಲ. ಟ್ರಾಕ್ಟರಿನಿಂದ ಟ್ರೈಲರಿನ ಪ್ರತಿ ದೀಪದವರೆಗೆ ಅರ್ಥಿಗೆಂದೇ ಒಂದು ಪ್ರತ್ಯೇಕ ತಂತಿ ಎಳೆಯಿಸಿ. ಹೋಲ್ಡರಿನ ಹಸಿರು ಕಿಲುಬನ್ನು ಉಜ್ಜು ಕಾಗದದಿಂದ ತಿಕ್ಕಿ ತೆಗೆಯಿರಿ. ಜೋಡಿಸುವ ಪ್ಲಗ್ಗು ಸಡಿಲವಾಗಿದ್ದರೆ ಬದಲಿಸಿ. ಅರ್ಧ ದಿನದ ಕೆಲಸ. ಇದಾದ ಮೇಲೆ ಹಳೆಯ ಬಲ್ಬೇ ಎಷ್ಟು ಪ್ರಕಾಶವಾಗಿ ಉರಿಯುತ್ತದೆಂದು ನೀವೇ ಆಶ್ಚರ್ಯಪಡುತ್ತೀರಿ.

ಇನ್ನು ಇಂಡಿಕೇಟರ್. ನಮ್ಮೂರಿನಲ್ಲಿ ಒಬ್ಬರು ಉತ್ಸಾಹದಿಂದ ನಾಲ್ಕೂ ಇಂಡಿಕೇಟರಿಗೆ ಎಲ್‌ಇಡಿ ಹಾಕಿಸಿ ಬಂದರು. ಸಿಗ್ನಲ್ ಹಾಕಿದರೆ ದೀಪ ಮಿನುಗಲೇ ಇಲ್ಲ, ಸುಮ್ಮನೆ ಉರಿಯಿತು. ಬಲ್ಬು ಮೋಸದ್ದೆಂದು ಅಂಗಡಿಯವನೊಡನೆ ಜಗಳವೂ ಆಯಿತು. ತಪ್ಪು ಬಲ್ಬಿನದಲ್ಲ, ಫ್ಲಾಶರಿನದು. ಹಳೆಯ ಫ್ಲಾಶರ್ ತನ್ನೊಳಗೆ ಹರಿಯುವ ಕರೆಂಟಿನ ಕಾವಿನಿಂದಲೇ ದೀಪವನ್ನು ಹೊತ್ತಿಸಿ ಆರಿಸುತ್ತದೆ. 21 ವ್ಯಾಟಿನ ಎರಡು ಬಲ್ಬಿಗೆಂದು ಮಾಡಿದ್ದಕ್ಕೆ ಎರಡು ಮೂರು ವ್ಯಾಟಿನ ಎಲ್‌ಇಡಿ ಸಾಲದು. ನಂತರದ ಬಗೆಯ ಫ್ಲಾಶರುಗಳಾದರೆ ಬಲ್ಬು ಸುಟ್ಟಿದೆಯೆಂದು ತಿಳಿದು ಪಟಪಟನೆ ವೇಗವಾಗಿ ಮಿನುಗಿಸುತ್ತವೆ. ಇದಕ್ಕೆ ಕೆಲವು ಮೆಕ್ಯಾನಿಕರು ಪ್ರತಿ ದೀಪಕ್ಕೂ 6 ಓಮಿನ ಒಂದು ರೆಸಿಸ್ಟರ್ ಕಟ್ಟಿಕೊಡುತ್ತಾರೆ. ಅದು ಉರಿಯುವಾಗ 24 ವ್ಯಾಟ್ ತಿನ್ನುತ್ತದೆ, ಕೈ ಸುಡುವಂತೆ ಕಾಯುತ್ತದೆ. ಪ್ಲಾಸ್ಟಿಕ್ಕಿಗೋ ಒಣ ರವದಿಗೋ ತಗುಲಿದರೆ ಏನಾದೀತೆಂದು ಹೇಳಬೇಕಾಗಿಲ್ಲ. ಎಲ್‌ಇಡಿಗೆಂದೇ ಮಾಡಿದ ಎಲೆಕ್ಟ್ರಾನಿಕ್ ಫ್ಲಾಶರ್ ಸಿಗುತ್ತದೆ, ಅದನ್ನು ಕೇಳಿ ಪಡೆಯಿರಿ. ಒಂದೇ ಎಚ್ಚರಿಕೆ: ಅಂಥ ಫ್ಲಾಶರುಗಳಲ್ಲಿ ಹೆಚ್ಚಿನವು ದೀಪವೊಂದು ಕೆಟ್ಟರೂ ಎಂದಿನಂತೆಯೇ ಮಿನುಗುತ್ತವೆ. ಆದ್ದರಿಂದ ವಾರಕ್ಕೊಮ್ಮೆ ಇಳಿದು ನೋಡುವ ಅಭ್ಯಾಸ ಬೇಕು.

ಬಣ್ಣದ ವಿಷಯದಲ್ಲಿಯೂ ಜನ ಮೋಸ ಹೋಗುತ್ತಾರೆ. ಕೈಯಲ್ಲಿ ಹಿಡಿದಾಗ ಕಣ್ಣು ಕುಕ್ಕುವ ಬಿಳಿ ಎಲ್‌ಇಡಿ ಕೆಂಪು ಗಾಜಿನ ಹಿಂದೆ ಹೋದರೆ ಮಂಕಾಗುತ್ತದೆ. ಹಳೆಯ ಬಲ್ಬಿನ ಬೆಳಕಿನಲ್ಲಿ ಕೆಂಪಿನ ಅಂಶ ಹೇರಳ, ಇದರಲ್ಲಿ ಬಹಳ ಕಡಿಮೆ. ಕೆಂಪು ಗಾಜಿಗೆ ಕೆಂಪು ಎಲ್‌ಇಡಿ, ಕಿತ್ತಳೆ ಗಾಜಿಗೆ ಕಿತ್ತಳೆಯದೇ ಹಾಕಬೇಕು. ಆದರೆ ಹಿಂದಿನ ದೀಪದ ಕೆಳಗಿನ ಬಿಳಿ ಕಿಂಡಿಯಿಂದಲೇ ನಂಬರ್ ಪ್ಲೇಟಿಗೆ ಬೆಳಕು ಬೀಳುವಂತಿದ್ದರೆ ಪ್ಲೇಟೂ ಕೆಂಪಾದೀತು; ಅದಕ್ಕೆ ಬೇರೆ ಬಿಳಿ ದೀಪ ಬೇಕು. ಅಗ್ಗದ ಬಲ್ಬುಗಳ ಇನ್ನೊಂದು ದೋಷವೆಂದರೆ ಬ್ರೇಕ್ ಒತ್ತಿದರೂ ಬಿಟ್ಟರೂ ಒಂದೇ ಸಮ ಉರಿಯುವುದು. ಹಿಂದಿನವನಿಗೆ ನೀವು ನಿಲ್ಲುತ್ತಿರುವಿರೋ ಹೋಗುತ್ತಿರುವಿರೋ ತಿಳಿಯುವುದು ಹೇಗೆ? ಹಿಂದೆ ನೀಲಿ ದೀಪ, ಬಣ್ಣಬಣ್ಣದ ಮಿಣುಕು ದೀಪ ಹಾಕಿಸುವ ಹುಚ್ಚನ್ನಂತೂ ಬಿಡುವುದು ಲೇಸು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಂತೆ ಹಿಂದಿನ ದೀಪ ಕೆಂಪಾಗಿರಬೇಕು, ತಿರುವಿನ ದೀಪ ಕಿತ್ತಳೆಯಾಗಿರಬೇಕು.

ಟ್ರೈಲರಿಗೆ ಬರಿಯ ಬಲ್ಬು ಬದಲಿಸುವುದಕ್ಕಿಂತ ನೀರು, ದೂಳು ಹೊಗದಂತೆ ಮುಚ್ಚಿದ ಇಡೀ ಎಲ್‌ಇಡಿ ದೀಪವನ್ನೇ ಕೂರಿಸುವುದು ಮೇಲೆಂದು ನನ್ನ ಅಭಿಮತ. ಬೆಳಕನ್ನು ಯಾವ ಕಡೆ ಎಷ್ಟು ಚೆಲ್ಲಬೇಕೆಂದು ನೋಡಿಯೇ ಅದನ್ನು ಮಾಡಿರುತ್ತಾರೆ. ಹಳೆಯ ದೀಪದ ಬಟ್ಟಲು ಎಳೆಯ ಬಲ್ಬಿಗೆಂದು ಆದದ್ದು, ಅದರಲ್ಲಿ ಎಲ್‌ಇಡಿ ಬಲ್ಬಿನ ಬೆಳಕು ಸರಿಯಾಗಿ ಹರಡುತ್ತದೆಂಬ ಭರವಸೆ ಇಲ್ಲ. 12-24 ವೋಲ್ಟ್ ಎಂದು ಬರೆದದ್ದನ್ನೇ ಕೊಳ್ಳಿ. ಎಂಜಿನ್ ಓಡುವಾಗ 14 ವೋಲ್ಟ್ ದಾಟಿದರೂ ಸುಡುವುದಿಲ್ಲ. ಕಾರಿನವರಿಗೆ ನನ್ನ ಸಲಹೆ ಬೇರೆ. ಕಂಪನಿಯವರು ಕೊಟ್ಟ ಬಲ್ಬು ಸರಿಯಾಗಿ ಉರಿಯುತ್ತಿದ್ದರೆ ಅದನ್ನು ಮುಟ್ಟಬೇಡಿ. ಬಲ್ಬು ಕೆಟ್ಟಾಗ ತಿಳಿಸುವ ಏರ್ಪಾಡಿರುವ ಕಾರಿನಲ್ಲಿ ಎಲ್‌ಇಡಿ ಹಾಕಿದರೆ ಸುಳ್ಳು ಎಚ್ಚರಿಕೆ ಬರುತ್ತಲೇ ಇರುತ್ತದೆ.

ಒಳ್ಳೆಯ ದೀಪ ಹಾಕಿಯೂ ಅದನ್ನು ಕಬ್ಬಿನ ಸೋಗೆಯಿಂದ ಮುಚ್ಚಿದರೆ ಫಲವೇನು? ಹೇರು ಹಿಂದಕ್ಕೆ ಚಾಚುವುದರಿಂದ ಟ್ರೈಲರಿನ ದೀಪಗಳು ಅದರಡಿ ಅಡಗುತ್ತವೆ. ಉದ್ದನೆಯ ತಂತಿಗೆ ಒಂದು ಕೆಂಪು ಎಲ್‌ಇಡಿ ದೀಪ ಸೇರಿಸಿ ಹೇರಿನ ತುದಿಗೇ ಕಟ್ಟಿ, ಹೇರು ಇಳಿಸಿದ ಮೇಲೆ ಸುತ್ತಿಡಿ. ಬೆಳಕು ಬಿದ್ದರೆ ಹೊಳೆಯುವ ಕೆಂಪು ಪಟ್ಟಿಯನ್ನೂ ಮರೆಯದೆ ಅಂಟಿಸಿ. ಅದಕ್ಕೆ ಬ್ಯಾಟರಿಯೂ ಬೇಡ, ಅರ್ಥೂ ಬೇಡ.

ಕೆಲಸ ಮುಗಿದ ದಿನ ಸಂಜೆ ಮಗನನ್ನು ಸೀಟಿನ ಮೇಲೆ ಕೂರಿಸಿ ಬ್ರೇಕ್ ಒತ್ತಿಸಿ, ಎರಡೂ ಸಿಗ್ನಲ್ ಹಾಕಿಸಿ. ನೀವು ಹಿಂದಕ್ಕೆ ನೂರು ಹೆಜ್ಜೆ ನಡೆದು ನೋಡಿ. ನೇರವಾಗಿ ನಿಂತು ಒಮ್ಮೆ, ರಸ್ತೆಯ ಎರಡೂ ಅಂಚಿನಿಂದ ಒಮ್ಮೊಮ್ಮೆ. ಮರುದಿನ ಮಧ್ಯಾಹ್ನದ ಬಿಸಿಲಿನಲ್ಲಿ ಮತ್ತೆ ನೋಡಿ. ಬಿಸಿಲಿಗೆ ಕಾಣದಿದ್ದರೆ ಬಲ್ಬನ್ನು ಅಂಗಡಿಗೆ ಹಿಂದಿರುಗಿಸಿ, ಹಳೆಯದನ್ನೇ ಹಾಕಿಕೊಳ್ಳಿ.