ಜಾಕ್ ವಿಲ್ಷೇರ್: ಸೋತದ್ದಲ್ಲ, ಸವೆದದ್ದು

2022ರ ಜುಲೈ 8ರಂದು ಆರ್ಸೆನಲ್‌ನ ಮಾಜಿ ಮಿಡ್‌ಫೀಲ್ಡರ್ ಜಾಕ್ ವಿಲ್ಷೇರ್ ಮೂವತ್ತನೇ ವಯಸ್ಸಿಗೇ ಫುಟ್‌ಬಾಲ್‌ಗೆ ವಿದಾಯ ಹೇಳಿದರು. ಅಂದಿನಿಂದ ಲಂಡನ್ನಿನಲ್ಲೂ ಬೆಂಗಳೂರಿನಲ್ಲೂ ಆರ್ಸೆನಲ್ ಅಭಿಮಾನಿಗಳ ಬಾಯಲ್ಲಿ ಒಂದೇ ಮಾತು: ಎಷ್ಟು ಎತ್ತರಕ್ಕೆ ಏರಬೇಕಿದ್ದ ಹುಡುಗ, ಎಲ್ಲಿಗೆ ಬಂದು ನಿಂತ! ಕ್ರೀಡಾ ಅಂಕಣಗಳ ಷರಾವೂ ಹೆಚ್ಚುಕಡಿಮೆ ಅದೇ. ನಿರೀಕ್ಷೆ ಹುಸಿ ಮಾಡಿದ ಪ್ರತಿಭೆ ಎಂದು ಬರೆದು ಕಡತ ಮುಚ್ಚಲಾಗಿದೆ. ಈ ಷರಾ ತಪ್ಪು. ವಿಲ್ಷೇರ್ ಅವರಿಂದ ಏನನ್ನು ಬಯಸಲಾಗಿತ್ತೋ ಅದನ್ನು ಅವರು ಹತ್ತೊಂಬತ್ತು ತುಂಬಿದ ಋತುವಿನಲ್ಲೇ ಕೊಟ್ಟಿದ್ದರು. ಮುಂದಿನ ಹತ್ತು ವರ್ಷವೂ ಕೊಡುವ ಸ್ಥಿತಿಯಲ್ಲಿ ಅವರನ್ನು ಉಳಿಸಬೇಕಿದ್ದವರು ಉಳಿಸಲಿಲ್ಲ.

ಇದನ್ನು ಹೇಳಬೇಕಾಗಿರುವುದು ಐದು ಬದಲಿ ಆಟಗಾರರ ನಿಯಮದ ಕಾರಣಕ್ಕೆ. ಕೋವಿಡ್ ಕಾಲದಲ್ಲಿ ತಾತ್ಕಾಲಿಕವಾಗಿ ಬಂದಿದ್ದ ಈ ನಿಯಮವನ್ನು ಆಟದ ನಿಯಮ ರೂಪಿಸುವ ಮಂಡಳಿ 2022ರ ಜೂನ್‌ನಲ್ಲಿ ದೋಹಾದಲ್ಲಿ ಕಾಯಂ ಮಾಡಿತು. ಮೂರು ಸಲ ಬೇಡವೆಂದಿದ್ದ ಪ್ರೀಮಿಯರ್ ಲೀಗ್ ಕೂಡ ಆ ವರ್ಷದ ಆಗಸ್ಟ್‌ನಿಂದ ಅದಕ್ಕೆ ಒಪ್ಪಿತು. ಆಟಗಾರರ ದಣಿವಿಗೆ ಇದೇ ಮದ್ದು ಎಂದು ನಿಯಮ ಮಾಡಿದವರು ಬೆನ್ನು ತಟ್ಟಿಕೊಂಡರು. ಯಾರ ದಣಿವಿಗೆ? ಐವರನ್ನು ಬದಲಿಸಬಹುದು ಎಂದರೆ ಬದಲಿಸಲೇಬೇಕು ಎಂದಲ್ಲ. ಗೆಲ್ಲಲೇಬೇಕಾದ ಪಂದ್ಯದಲ್ಲಿ ತಂಡದ ಅತ್ಯುತ್ತಮ ಹುಡುಗನನ್ನು ಯಾವ ಮ್ಯಾನೇಜರ್ ತಾನೇ ಹೊರಗೆ ಕರೆಯುತ್ತಾರೆ? ದಣಿದವನಿಗೆ ವಿಶ್ರಾಂತಿ ಕೊಡುವ ಕೆಲಸವನ್ನು, ಅವನನ್ನು ಆಡಿಸಿದರೆ ಮಾತ್ರ ತನ್ನ ಕುರ್ಚಿ ಉಳಿಯುವ ಮನುಷ್ಯನ ಕೈಗೇ ಈ ನಿಯಮ ಒಪ್ಪಿಸಿದೆ.

ವಿಲ್ಷೇರ್ ಕಥೆಯಲ್ಲಿ ಎಲ್ಲರೂ ದಾಟಿ ಹೋಗುವ ಸಂಖ್ಯೆ 49. 2010–11ರ ಋತುವಿನಲ್ಲಿ ವಿಲ್ಷೇರ್ ಆರ್ಸೆನಲ್ ಪರ ಆಡಿದ ಪಂದ್ಯಗಳು ಅಷ್ಟು. ಅದರಲ್ಲಿ ಲೀಗ್ ಪಂದ್ಯಗಳೇ 35. ಇಂಗ್ಲೆಂಡ್‌ನ ಹಿರಿಯರ ತಂಡದ ಪರ ಆಡಿದ ಐದನ್ನು ಸೇರಿಸಿದರೆ 54. ಋತು ಶುರುವಾದಾಗ ಅವರ ವಯಸ್ಸು 18, ಜನವರಿ 1ಕ್ಕೆ 19 ಆಯಿತು. ಅದಕ್ಕೂ ಮೊದಲು ದೊಡ್ಡವರ ಆಟದ ಅನುಭವವೆಂದು ಇದ್ದದ್ದು ಮುಖ್ಯವಾಗಿ ಬೋಲ್ಟನ್‌ಗೆ ಎರವಲು ಹೋಗಿ ಆಡಿದ 14 ಲೀಗ್ ಪಂದ್ಯಗಳು. ಅಲ್ಲಿಂದ ನೇರವಾಗಿ 54ಕ್ಕೆ. ಗೋಲ್‌ಕೀಪರ್ 54 ಪಂದ್ಯ ಆಡುವುದು ಬೇರೆ, ಮಿಡ್‌ಫೀಲ್ಡ್‌ನ ನಡುವೆ ನಿಂತು ಬೆನ್ನಿಗೆ ಎದುರಾಳಿಯನ್ನು ಅಂಟಿಸಿಕೊಂಡೇ ಚೆಂಡು ಕೇಳುವ ಹುಡುಗ ಆಡುವುದು ಬೇರೆ.

ಇದರ ಪಕ್ಕದಲ್ಲಿ ಇಡಬೇಕಾದ ಇನ್ನೊಂದು ಅಂಕಿಯಿದೆ. ಆ 35ರ ನಂತರ ವಿಲ್ಷೇರ್ ಯಾವ ಋತುವಿನಲ್ಲೂ, ಯಾವ ಕ್ಲಬ್ಬಿನ ಪರವೂ 30 ಲೀಗ್ ಪಂದ್ಯ ಮುಟ್ಟಲಿಲ್ಲ. ಬೋರ್ನ್‌ಮತ್‌ಗೆ ಎರವಲು ಹೋದ ವರ್ಷ ಆಡಿದ 27 ಪಂದ್ಯಗಳೇ ಆಮೇಲಿನ ಗರಿಷ್ಠ. ಹನ್ನೊಂದು ವರ್ಷಗಳಲ್ಲಿ ಒಮ್ಮೆಯೂ ಪೂರ್ತಿ ಋತುವೆಂಬುದು ಸಿಗಲಿಲ್ಲ.

ಆ ಋತುವಿನ ಒಂದು ತುಣುಕನ್ನು ಹತ್ತಿರದಿಂದ ನೋಡೋಣ. 2011ರ ಫೆಬ್ರುವರಿ 1ರಿಂದ ಮಾರ್ಚ್ 12ರವರೆಗಿನ 40 ದಿನಗಳಲ್ಲಿ ಆರ್ಸೆನಲ್‌ಗೆ 11 ಪಂದ್ಯಗಳಿದ್ದವು. ನಾಲ್ಕು ಟ್ರೋಫಿಗಳ ಆಸೆ ಆಗ ಜೀವಂತವಾಗಿತ್ತು. ಫೆಬ್ರುವರಿ 5ರಂದು ನ್ಯೂಕ್ಯಾಸಲ್‌ನಲ್ಲಿ 4–4 ಸಮಬಲದ ಪಂದ್ಯ. 12ರಂದು ವುಲ್ವ್ಸ್. ನಡುವೆ ಸಿಕ್ಕ ಆರು ದಿನವಾದರೂ ವಿಲ್ಷೇರ್‌ಗೆ ದಕ್ಕಿತೇ ಎಂದರೆ, 9ರಂದು ಕೋಪನ್‌ಹೇಗನ್‌ನಲ್ಲಿ ಡೆನ್ಮಾರ್ಕ್ ವಿರುದ್ಧ ಇಂಗ್ಲೆಂಡ್‌ನ ಸ್ನೇಹಪಂದ್ಯ. 16ರಂದು ಚಾಂಪಿಯನ್ಸ್ ಲೀಗ್‌ನಲ್ಲಿ ಬಾರ್ಸಿಲೋನಾ.

ಬೆಂಗಳೂರಿನ ಅಭಿಮಾನಿಗಳು ಮಧ್ಯರಾತ್ರಿ ದಾಟಿ ಒಂದೂಕಾಲಕ್ಕೆ ಟಿವಿ ಮುಂದೆ ಕೂತು ನೋಡಿದ, ಇವತ್ತಿಗೂ ವಿಲ್ಷೇರ್ ಎಂದರೆ ನೆನಪಿಗೆ ಬರುವ ರಾತ್ರಿ ಅದು. ಆ ಕಡೆ ಷಾವಿ, ಇನಿಯೆಸ್ತಾ, ಬುಸ್ಕೆಟ್ಸ್. ಏಳು ತಿಂಗಳ ಹಿಂದಷ್ಟೇ ವಿಶ್ವಕಪ್ ಗೆದ್ದ ಮಿಡ್‌ಫೀಲ್ಡ್. ಮುಂದೆ ಮೆಸ್ಸಿ. ಈ ಕಡೆ ಸಾಂಗ್, ಫ್ಯಾಬ್ರೆಗಾಸ್, ಜೊತೆಗೆ ಸ್ಟೀವನೇಜ್‌ನ ಹತ್ತೊಂಬತ್ತರ ಹುಡುಗ. ಬೇರೆಯವರು ಚೆಂಡು ಬಂದರೆ ಸಾಕು ಹಿಂದಕ್ಕೆ ದಾಟಿಸಿ ಉಸಿರು ಬಿಡುತ್ತಿದ್ದ ಹೊತ್ತಿನಲ್ಲಿ, ಆತ ಸೊಂಟ ತಿರುಗಿಸಿ ಎದುರಾಳಿಯನ್ನು ಹಿಂದೆ ಬಿಟ್ಟು ಚೆಂಡಿನೊಂದಿಗೆ ಮುಂದಕ್ಕೆ ಓಡುತ್ತಿದ್ದ. ವ್ಯಾನ್ ಪರ್ಸಿ ಸಮ ಮಾಡಿದರು, ಅರ್ಶಾವಿನ್ ಗೆಲ್ಲಿಸಿದರು, 2–1. ಮರುದಿನ ಎಲ್ಲರೂ ಮಾತಾಡಿದ್ದು ಮಾತ್ರ ವಿಲ್ಷೇರ್ ಬಗ್ಗೆ.

ಆಮೇಲೆ? 20ರಂದು ಲೇಟನ್ ಓರಿಯಂಟ್, 23ರಂದು ಸ್ಟೋಕ್, 27ರಂದು ಬರ್ಮಿಂಗ್‌ಹ್ಯಾಮ್ ವಿರುದ್ಧ ಲೀಗ್ ಕಪ್ ಫೈನಲ್, ಮಾರ್ಚ್ 2ರಂದು ಮತ್ತೆ ಓರಿಯಂಟ್, 5ರಂದು ಸಂಡರ್ಲೆಂಡ್, 8ರಂದು ಬಾರ್ಸಿಲೋನಾದ ಅಂಗಳದಲ್ಲಿ ಎರಡನೇ ಚರಣ, 12ರಂದು ಮ್ಯಾಂಚೆಸ್ಟರ್ ಯುನೈಟೆಡ್. ಸಹ ಆಟಗಾರ ರಾಮ್ಸೆ ಹಿಂದಿನ ವರ್ಷ ಸ್ಟೋಕ್‌ನಲ್ಲಿ ಕಾಲು ಮುರಿದುಕೊಂಡಿದ್ದರು, ಫ್ಯಾಬ್ರೆಗಾಸ್ ತೊಡೆಯ ಸ್ನಾಯುನೋವಿನಿಂದ ಒಳಗೊಮ್ಮೆ ಹೊರಗೊಮ್ಮೆ. ಭಾರವೆಲ್ಲ ಎಳೆಯ ಕಾಲುಗಳ ಮೇಲೆ ಬಿತ್ತು.

ಹುಡುಗ ದಣಿದಿದ್ದಾನೆ ಎಂಬುದು ಯಾರಿಗೂ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಆ ಬೇಸಿಗೆಯಲ್ಲಿ ಡೆನ್ಮಾರ್ಕ್‌ನಲ್ಲಿ ನಡೆಯಲಿದ್ದ 21 ವರ್ಷದೊಳಗಿನವರ ಯೂರೊ ಟೂರ್ನಿಗೆ ಅವರನ್ನು ಕಳಿಸಬೇಕೇ ಎಂಬುದರ ಮೇಲೆ ಕ್ಲಬ್ಬಿಗೂ ಇಂಗ್ಲೆಂಡ್ ಪಾಳಯಕ್ಕೂ ಜಗ್ಗಾಟವೇ ನಡೆಯಿತು. ದಣಿವಿನ ಕಾರಣಕ್ಕೇ ಅವರು ಹಿಂದೆ ಸರಿದರು. ಆದರೂ ಜೂನ್ 4ರಂದು ವೆಂಬ್ಲಿಯಲ್ಲಿ ಸ್ವಿಟ್ಜರ್ಲೆಂಡ್ ವಿರುದ್ಧ ಹಿರಿಯರ ತಂಡಕ್ಕೆ ಆಡಿದರು. ಜುಲೈ ಕೊನೆಯಲ್ಲಿ ಎಮಿರೇಟ್ಸ್ ಕಪ್‌ನಲ್ಲಿ ಕೆಲವೇ ನಿಮಿಷ ಆಡಿ ಹೊರನಡೆದರು. ಪಾದದ ಕೀಲಿನಲ್ಲಿ ಸ್ಟ್ರೆಸ್ ಫ್ರ್ಯಾಕ್ಚರ್. ಸೆಪ್ಟೆಂಬರ್‌ನಲ್ಲಿ ಶಸ್ತ್ರಚಿಕಿತ್ಸೆ. ಮತ್ತೆ ಆರ್ಸೆನಲ್ ಪರ ಕಣಕ್ಕಿಳಿದದ್ದು 2012ರ ಅಕ್ಟೋಬರ್ 27ರಂದು. ವೆಂಬ್ಲಿಯ ಆ ಪಂದ್ಯದಿಂದ ಲೆಕ್ಕ ಹಾಕಿದರೆ ಸುಮಾರು 17 ತಿಂಗಳು.

ಅಭಿಮಾನಿಗಳಲ್ಲಿ ಒಂದು ಬಣ ಇಂದಿಗೂ ಪಟ್ಟುಬಿಡದೆ ಹೇಳುವುದೇನೆಂದರೆ, ಶಿಸ್ತಿರಲಿಲ್ಲ. ನೈಟ್‌ಕ್ಲಬ್ಬಿನ ಹೊರಗೆ ಸಿಗರೇಟು ಹಿಡಿದ ಆ ಫೋಟೊವನ್ನು ತಕ್ಷಣ ಮುಂದಿಡುತ್ತಾರೆ. ದಿನಾಂಕ ನೋಡಿ. ಆ ಫೋಟೊ 2013ರ ಅಕ್ಟೋಬರ್‌ನದು. ಮೂಳೆ ಬಿರುಕು ಬಿಟ್ಟದ್ದು 2011ರಲ್ಲಿ. ಎರಡು ವರ್ಷ ತಡವಾಗಿ ಬಂದದ್ದನ್ನು ಮೊದಲೇ ಆದ ಗಾಯಕ್ಕೆ ಕಾರಣ ಮಾಡುವುದು ಯಾವ ನ್ಯಾಯ? ಸ್ಟ್ರೆಸ್ ಫ್ರ್ಯಾಕ್ಚರ್ ಒಂದು ಒದೆತದಿಂದ ಆಗುವಂಥದ್ದಲ್ಲ. ಮೂಳೆ ತನ್ನನ್ನು ತಾನು ದುರಸ್ತಿ ಮಾಡಿಕೊಳ್ಳಲು ಬೇಕಾದ ಬಿಡುವು ಸಿಗದೆ, ಅದೇ ಜಾಗದ ಮೇಲೆ ಮತ್ತೆ ಮತ್ತೆ ಭಾರ ಬಿದ್ದಾಗ ಆಗುವಂಥದ್ದು. ಸಿಗರೇಟು ಒಳ್ಳೆಯದೆಂದು ಯಾರೂ ಹೇಳುತ್ತಿಲ್ಲ. ಆದರೆ ಅದೇ ತಿಂಗಳು ನಾರ್ವಿಚ್ ವಿರುದ್ಧ ಕಜೋರ್ಲಾ, ಜಿರೂ ಜೊತೆ ಒಂದೊಂದೇ ಸ್ಪರ್ಶದ ಪಾಸ್‌ಗಳಲ್ಲಿ ಹೆಣೆದು ಹೊಡೆದ ಗೋಲು ಬಿಬಿಸಿಯ ಆ ಋತುವಿನ ಅತ್ಯುತ್ತಮ ಗೋಲಾಯಿತು ಎಂಬುದನ್ನೂ ಈ ಬಣ ನೆನಪಿಟ್ಟುಕೊಳ್ಳಲಿ. ಆಟ ಹಾಳಾಗಿರಲಿಲ್ಲ. ಕಾಲು ಹಾಳಾಗಿತ್ತು.

ನಂತರದ ಗಾಯಗಳ ಪಟ್ಟಿ ಉದ್ದವಿದೆ, ಎಲ್ಲರಿಗೂ ಬಾಯಿಪಾಠ. ಅದನ್ನು ಇಲ್ಲಿ ಒಪ್ಪಿಸುವುದಿಲ್ಲ. ಅವುಗಳಲ್ಲಿ ಕೆಲವು ಶುದ್ಧ ದುರದೃಷ್ಟ, ಎದುರಾಳಿಯ ಒರಟು ಆಟ. ಆದರೆ ಹತ್ತೊಂಬತ್ತಕ್ಕೇ ಬುಡ ಅಲ್ಲಾಡಿದ ಕೀಲನ್ನು ಹೊತ್ತುಕೊಂಡೇ ಅವರು ಅವೆಲ್ಲವನ್ನೂ ಎದುರಿಸಬೇಕಾಯಿತು.

ಈಗ ಯಾರೂ ಎತ್ತದ ಒಂದು ವಿಷಯ. ಪ್ರೀಮಿಯರ್ ಲೀಗ್ 25 ಆಟಗಾರರ ಪಟ್ಟಿಯ ನಿಯಮ ಜಾರಿಗೆ ತಂದದ್ದು ಇದೇ 2010–11ರಲ್ಲಿ. ಕ್ಲಬ್ಬುಗಳು ಪ್ರತಿಯೊಬ್ಬ ಹಿರಿಯ ಆಟಗಾರನನ್ನೂ ಹೆಸರಿಸಿ ಲೆಕ್ಕ ಕೊಡಬೇಕು, ಸ್ವದೇಶದಲ್ಲಿ ಬೆಳೆಯದವರು ಇಷ್ಟಕ್ಕಿಂತ ಹೆಚ್ಚಿರಬಾರದು ಎಂದಿತು. 21ರೊಳಗಿನವರಿಗೆ ಮಾತ್ರ ಲೆಕ್ಕವಿಲ್ಲ, ಎಷ್ಟು ಮಂದಿಯನ್ನಾದರೂ ಆಡಿಸಬಹುದು. ಎಳೆಯರಿಗೆ ಅವಕಾಶ ಸಿಗಲಿ ಎಂಬ ಉದ್ದೇಶ ಒಳ್ಳೆಯದೇ. ಅದರ ಪರಿಣಾಮವಾಗಿ, ಆ ಋತುವಿನಲ್ಲಿ ಆರ್ಸೆನಲ್ ಯಾರನ್ನು ಅತಿ ಹೆಚ್ಚು ನೆಚ್ಚಿಕೊಂಡಿತೋ ಅವರ ಹೆಸರು ಆ 25ರಲ್ಲಿ ಇರಬೇಕಾಗಿಯೇ ಇರಲಿಲ್ಲ. ಆಟಗಾರರನ್ನು ಎಣಿಸಲು ಕೂತ ಲೀಗ್, ಎಣಿಕೆ ಅತ್ಯಗತ್ಯವಾಗಿದ್ದವರನ್ನೇ ಎಣಿಕೆಯಿಂದ ಹೊರಗಿಟ್ಟಿತು. ಇನ್ನು ಆ 54 ಪಂದ್ಯ. ಅದರಲ್ಲಿ 49 ಕ್ಲಬ್ಬಿನದು, ಐದು ದೇಶದ್ದು. ಎರಡನ್ನೂ ಕೂಡಿಸಿ ಸಾಕು ಎನ್ನುವ ಅಧಿಕಾರ ಯಾರಿಗೂ ಇರಲಿಲ್ಲ. ಇವತ್ತಿಗೂ ಇಲ್ಲ.

ಫುಟ್‌ಬಾಲ್‌ನಲ್ಲಿ ಹೀಗೆ ಮಿತಿ ಹಾಕಲು ಸಾಧ್ಯವೇ ಎನ್ನುವವರು ಪಕ್ಕದ ಮೈದಾನದ ಕಡೆ ತಿರುಗಿ ನೋಡಲಿ. ಇದೇ ಇಂಗ್ಲೆಂಡಿನ ಕ್ರಿಕೆಟ್ ಮಂಡಳಿ, 19ರೊಳಗಿನ ವೇಗದ ಬೌಲರ್ ಒಂದು ಸ್ಪೆಲ್‌ನಲ್ಲಿ ಏಳು ಓವರ್, ದಿನಕ್ಕೆ 18 ಓವರ್ ಮೀರುವಂತಿಲ್ಲ ಎಂದು ಬರೆದಿಟ್ಟಿದೆ. ಬೆಳೆಯುವ ಮೈಯ ಬೆನ್ನುಮೂಳೆಯಲ್ಲಿ ಬೀಳುವ ಇದೇ ಸ್ಟ್ರೆಸ್ ಫ್ರ್ಯಾಕ್ಚರ್ ತಡೆಯಲು. ನಾಯಕನಿಗೆ ವಿಕೆಟ್ ಬೇಕಿದ್ದರೂ, ಹುಡುಗನೇ ಇನ್ನೊಂದು ಓವರ್ ಹಾಕುತ್ತೇನೆಂದರೂ ಅಂಪೈರ್ ಬಿಡುವುದಿಲ್ಲ. ಅಮೆರಿಕದ ಲಿಟಲ್ ಲೀಗ್ ಬೇಸ್‌ಬಾಲ್ 2007ರಲ್ಲೇ ಎಳೆಯ ಪಿಚರ್‌ಗಳ ಎಸೆತಕ್ಕೆ ವಯಸ್ಸಿನ ಪ್ರಕಾರ ಮಿತಿ ಹಾಕಿತು, ಎಸೆದಷ್ಟಕ್ಕೆ ತಕ್ಕಂತೆ ವಿಶ್ರಾಂತಿಯ ದಿನಗಳನ್ನೂ ಕಡ್ಡಾಯ ಮಾಡಿತು. ಜಾವಗಲ್ ಶ್ರೀನಾಥ್ ಅವರ ಭುಜ 1997ರಲ್ಲಿ ಶಸ್ತ್ರಚಿಕಿತ್ಸೆಯ ಮೇಜಿಗೆ ಹೋದದ್ದನ್ನು ಕಂಡ ನಮಗೆ ಇದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ. ಜಗತ್ತಿನ ಅತ್ಯಂತ ಶ್ರೀಮಂತ ಆಟದಲ್ಲಿ ಮಾತ್ರ ಹದಿನೆಂಟರ ಹುಡುಗನಿಗೂ ಮೂವತ್ತರವನಿಗೂ ಒಂದೇ ಕಾನೂನು.

ಫ್ಯಾಬ್ರೆಗಾಸ್ ಹದಿನೆಂಟಕ್ಕೇ ಎಡೆಬಿಡದೆ ಆಡಿದರು, 35 ಆದರೂ ಬೂಟು ಕಳಚಿರಲಿಲ್ಲ, ಗಿಗ್ಸ್ ನಲವತ್ತರವರೆಗೆ ಆಡಿದರು ಎಂಬ ಎದುರು ವಾದ ಬರುತ್ತದೆ. ನಿಜ. ಮೈಕೆಲ್ ಓವನ್ ಕೂಡ ಹದಿನೆಂಟಕ್ಕೆ ವಿಶ್ವಕಪ್‌ನಲ್ಲಿ ಅರ್ಜೆಂಟೀನಾ ವಿರುದ್ಧ ಆ ಗೋಲು ಹೊಡೆದರು, 1999ರ ಏಪ್ರಿಲ್‌ನಲ್ಲಿ ಲೀಡ್ಸ್‌ನಲ್ಲಿ ತೊಡೆಯ ಹಿಂಬದಿಯ ಸ್ನಾಯು ಹರಿದುಕೊಂಡರು. ಆ ಮೊದಲ ಓಟದ ಬಿರುಸು ಆಮೇಲೆ ಪೂರ್ತಿಯಾಗಿ ಮರಳಲಿಲ್ಲ. ಯಾವ ಮೈ ಗಿಗ್ಸ್‌ನದು, ಯಾವುದು ಓವನ್‌ನದು ಎಂದು ಹದಿನೆಂಟನೇ ವಯಸ್ಸಿನಲ್ಲಿ ಹೇಳಬಲ್ಲವರು ಯಾರೂ ಇಲ್ಲ. ಮಿತಿ ಬೇಕಾಗಿರುವುದು ಆ ಕಾರಣಕ್ಕೇ. ಬಾಳಿಕೆ ಬಂದವರನ್ನು ತೋರಿಸಿ ಬಾಳದವರನ್ನು ದೂರುವುದು ಸುಲಭ, ಬಾಳದವರು ವಾದಕ್ಕೆ ಬರುವುದಿಲ್ಲವಲ್ಲ.

ಆ ನಂತರದ ಹತ್ತು ವರ್ಷಗಳಲ್ಲಿ ಪಾಠ ಕಲಿತರೇ? ಬಾರ್ಸಿಲೋನಾದ ಪೆಡ್ರಿ 2020–21ರಲ್ಲಿ ಕ್ಲಬ್ಬು ಮತ್ತು ದೇಶಕ್ಕಾಗಿ ಆಡಿದ್ದು 73 ಪಂದ್ಯ, ಹದಿನೆಂಟನೇ ವಯಸ್ಸಿನಲ್ಲಿ. ಯೂರೊದಲ್ಲಿ ಸ್ಪೇನ್‌ನ ಸೆಮಿಫೈನಲ್ ಮುಗಿದದ್ದು ಜುಲೈ 6ಕ್ಕೆ, ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮೊದಲ ಪಂದ್ಯ ಜುಲೈ 22ಕ್ಕೆ. ಮುಂದಿನ ಋತುವಿನಲ್ಲಿ ತೊಡೆಯ ಸ್ನಾಯು ಕೈಕೊಟ್ಟು ಕ್ಲಬ್ಬಿಗೆ ಆಡಲು ಸಿಕ್ಕಿದ್ದು 22 ಪಂದ್ಯ. ಚಾಂಪಿಯನ್ಸ್ ಲೀಗ್‌ನ ಗುಂಪು ಹಂತದಲ್ಲಿ ಆಗ ಇದ್ದ ಆರು ಪಂದ್ಯಗಳನ್ನು 2024ರಿಂದ ಎಂಟು ಮಾಡಲು 2022ರ ಮೇ ತಿಂಗಳಲ್ಲಿ ಒಪ್ಪಿಗೆ ಬಿತ್ತು. ಕತಾರ್ ವಿಶ್ವಕಪ್ 2022ರ ನವೆಂಬರ್‌ನಲ್ಲಿ ಋತುವಿನ ನಡುವೆಯೇ ಬಂದು ಕೂತಿತು. ಎರಡು ವರ್ಷಕ್ಕೊಮ್ಮೆ ವಿಶ್ವಕಪ್ ಎಂಬ ಪ್ರಸ್ತಾವವನ್ನು 2021ರಲ್ಲಿ ಊರೂರಿಗೆ ಹೊತ್ತು ತಿರುಗಿದವರು ಆರ್ಸೆನ್ ವೆಂಗರ್. ವಿಲ್ಷೇರ್ ಅವರನ್ನು ಹದಿನಾರಕ್ಕೇ ಕಣಕ್ಕಿಳಿಸಿದ, ಆ 49 ಪಂದ್ಯಗಳನ್ನು ಆಡಿಸಿದ ವೆಂಗರ್. ಅದೇ ಪ್ರಸ್ತಾವದಲ್ಲಿ ಬೇಸಿಗೆಯ ಟೂರ್ನಿಗಳ ನಂತರ 25 ದಿನಗಳ ಕಡ್ಡಾಯ ವಿಶ್ರಾಂತಿ ಎಂಬ ಸಲಹೆಯೂ ಇತ್ತು. ಅವರಂಥ ಅನುಭವಿ ಮೊದಲು ಹಟ ಹಿಡಿಯಬೇಕಿದ್ದದ್ದು ಆ 25 ದಿನಗಳಿಗಾಗಿ.

ಕೇಳುತ್ತಿರುವುದು ದೊಡ್ಡದೇನಲ್ಲ. ಇಪ್ಪತ್ತು ತುಂಬದ ಆಟಗಾರನ ಅರ್ಧಕ್ಕಿಂತ ಹೆಚ್ಚು ಹೊತ್ತಿನ ಆಟವನ್ನು ಒಂದು ಪಂದ್ಯವೆಂದು ಎಣಿಸಿ. ಕ್ಲಬ್ಬು, ದೇಶ ಎಲ್ಲ ಸೇರಿ ಋತುವಿಗೆ 40 ಸಾಕು. ಲೆಕ್ಕ ಒಂದೇ ಪುಸ್ತಕದಲ್ಲಿರಲಿ. 41ನೇ ಪಂದ್ಯಕ್ಕೆ ಹೆಸರು ಬರೆದರೆ ಅನರ್ಹ ಆಟಗಾರನನ್ನು ಇಳಿಸಿದ ತಪ್ಪಿಗೆ ಆಗುವ ಶಿಕ್ಷೆಯೇ ಆಗಲಿ. 40 ಅಲ್ಲ, 45 ಇರಲಿ ಎಂದು ವೈದ್ಯರು ಹೇಳಿದರೆ ಚರ್ಚೆಗೆ ಅಡ್ಡಿಯಿಲ್ಲ. ಸಂಖ್ಯೆಯೇ ಬೇಡ, ಮ್ಯಾನೇಜರ್‌ಗಳ ವಿವೇಕಕ್ಕೆ ಬಿಡೋಣ ಎನ್ನುವವರು 2011ರ ಆ 40 ದಿನಗಳನ್ನು ಮತ್ತೊಮ್ಮೆ ಓದಲಿ.

ವಿಲ್ಷೇರ್ 2022ರ ಜುಲೈ 11ರಂದು ಆರ್ಸೆನಲ್‌ನ 18 ವರ್ಷದೊಳಗಿನವರ ತಂಡದ ಮುಖ್ಯ ಕೋಚ್ ಆದರು. ಅದೇ ಅಕಾಡೆಮಿಯಿಂದ ಬಂದ ಬುಕಾಯೊ ಸಾಕಾ 2021–22ರ ಋತುವಿನ 38ಕ್ಕೆ 38 ಲೀಗ್ ಪಂದ್ಯಗಳಲ್ಲೂ ಕಣಕ್ಕಿಳಿದರು, ಋತು ಮುಗಿದಾಗ ವಯಸ್ಸು ಇನ್ನೂ 20. ಮುಂದಿನ ಸಾಕಾ ಈಗ ಅದೇ ಅಕಾಡೆಮಿಯಲ್ಲಿ ಅಭ್ಯಾಸ ಮಾಡುತ್ತಿರಬಹುದು. ಆ ಹುಡುಗನನ್ನು ಮೊದಲ ತಂಡ ಕರೆಸಿಕೊಂಡಾಗ, ಈ ವರ್ಷಕ್ಕೆ ಇಷ್ಟು ಸಾಕು ಎಂದು ತಡೆಯುವ ಅಧಿಕಾರ ಅವನ ಕೋಚ್‌ಗೆ ಇರುತ್ತದೆಯೇ? ಮುಂದಿನ ಋತು ಶುರುವಾಗುವುದರೊಳಗೆ ಕ್ಲಬ್ಬು ಅದನ್ನು ಬರಹದಲ್ಲಿ ಕೊಡಲಿ.