ಸೂರ್ಯಾಸ್ತವೂ ಕಬ್ಬಿಣದ ಗುಳಿಗೆಯೂ

ಡೊಂಬಿವಲಿ, ಕಲ್ಯಾಣಗಳಿಂದ ಲೋಕಲ್ ಹಿಡಿದು ದುಡಿಯಲು ಹೋಗುವ ಜೈನ ಗರ್ಭಿಣಿ ಮರಳುವಷ್ಟರಲ್ಲಿ ಸೂರ್ಯ ಮುಳುಗಿರುತ್ತಾನೆ. ರಾತ್ರಿಭೋಜನ ತ್ಯಜಿಸಿದ ಮನೆಯಲ್ಲಿ, ರಾತ್ರಿ ಊಟದ ಬಳಿಕವೆಂದು ಬರೆದುಕೊಟ್ಟ ಕಬ್ಬಿಣದ ಗುಳಿಗೆಯೂ ತಪ್ಪುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ಗರ್ಭಿಣಿಯರಲ್ಲಿ ಶೇ. 52.2ರಷ್ಟು ಮಂದಿಗೆ ರಕ್ತಹೀನತೆಯಿದೆ. ನಾಲ್ಕನೆಯ ತಿಂಗಳಿನಿಂದ ಫೋಲಿಕ್ ಆಮ್ಲದೊಡನೆ ನಿತ್ಯ 60 ಮಿಲಿಗ್ರಾಂ ಕಬ್ಬಿಣ, ಕನಿಷ್ಠ 180 ದಿನ. ಇದು ಸರ್ಕಾರದ ಕ್ರಮ. ವೈದ್ಯರನ್ನು ಕೇಳಿ ಮಧ್ಯಾಹ್ನದ ಡಬ್ಬಿಯ ಬಳಿಕ ನಿಂಬೆನೀರಿನೊಡನೆ ನುಂಗಿದರೆ ವ್ರತಕ್ಕೆ ಭಂಗವೆಲ್ಲಿ? ಚಹಾ ಮಾತ್ರ ದೂರವಿರಲಿ. ಕ್ಯಾಪ್ಸೂಲಿನ ಜೆಲಟಿನ್ ಪ್ರಾಣಿಜನ್ಯವೆಂಬ ಅಳುಕು ನ್ಯಾಯವೇ. ಅದಕ್ಕೆ ಬಿಡಬೇಕಾದುದು ಕ್ಯಾಪ್ಸೂಲನ್ನು, ಕಬ್ಬಿಣವನ್ನಲ್ಲ. ದಶಲಕ್ಷಣ ಪರ್ವದಲ್ಲಿ ಉಪವಾಸಿಗಳನ್ನು ಸನ್ಮಾನಿಸುವ ಸಮಿತಿಗಳು ಈ ವಿಷಯದಲ್ಲಿ ಮೌನವಾಗಿವೆ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆಯುಂಟು. ಠಾಣೆ, ನವಿ ಮುಂಬಯಿಗಳ ಬಸದಿಯ ಫಲಕದಲ್ಲಿ ತಿಥಿಯ ಪಕ್ಕದಲ್ಲೇ ಅದನ್ನೂ ಬರೆಯಬಾರದೇಕೆ?